ಹಾಯಿದೋಣಿ ಮಗುಚುವುದೇಕೆ?

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಕಣದಲ್ಲಿ ರಾಶಿ ತೂರುವ ರೈತ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೊದಲು ನೋಡಿಕೊಳ್ಳುತ್ತಾನೆ. ಆಮೇಲೆ ಮೊರ ಎತ್ತುತ್ತಾನೆ. ಹಾಯಿದೋಣಿ ನಡೆಸಲು ಕಲಿಯುವವರಿಗೂ ಇದೇ ಮೊದಲ ಪಾಠ. ಈ ಪಾಠ ಮರೆತಾಗ ಹೊಸಬರ ದೋಣಿ ನಿಂತಲ್ಲೇ ನಿಲ್ಲುತ್ತದೆ, ಅಡ್ಡಡ್ಡ ಜಾರುತ್ತದೆ, ಕೊನೆಗೆ ಮಗುಚಿಯೂ ಬೀಳುತ್ತದೆ. ದಡದಲ್ಲಿ ನಿಂತವರಿಗೆ ಇದು ನಗುವಿನ ವಿಷಯ. ಆದರೆ ಈ ಅವಾಂತರಗಳಿಗೆಲ್ಲ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಕಾರಣವಿದೆ. ಕಾರಣ ತಿಳಿದವರಿಗೆ ಭಯವೂ ಕಡಿಮೆ, ಅಪಾಯವೂ ಕಡಿಮೆ.

ದೋಣಿಯ ಪರಿಚಯ

ಪ್ರಪಂಚದ ಅನೇಕ ದೇಶಗಳಲ್ಲಿ ಮಕ್ಕಳು ಮೊದಲು ಕಲಿಯುವುದು ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿಯಲ್ಲಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಇದನ್ನು ಮಕ್ಕಳಿಗಾಗಿಯೇ ರೂಪಿಸಿದರು. ಉದ್ದ ಸುಮಾರು 2.3 ಮೀಟರ್, ತೂಕ ಸುಮಾರು 35 ಕಿಲೋ. ಸ್ವಲ್ಪ ದೊಡ್ಡವರಿಗೆ ‘ಲೇಸರ್’ ಎಂಬ ಒಂಟಿ ಸವಾರಿಯ ದೋಣಿ ಉಂಟು. ಇದು 1996ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚೆನ್ನೈನ ನೇತ್ರಾ ಕುಮಾನನ್ ಈ ಬಗೆಯ ದೋಣಿಯಲ್ಲೇ ಸ್ಪರ್ಧಿಸಿದರು. ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ ಅವರು.

ದೋಣಿಯ ಭಾಗಗಳು ನಾಲ್ಕೈದೇ. ನೆಟ್ಟಗೆ ನಿಂತಿರುವುದು ಹಾಯಿಕಂಬ. ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡಕೋಲು ‘ಬೂಮ್’. ಹಾಯಿಯನ್ನು ಬಿಗಿ ಮಾಡಲು, ಸಡಿಲಿಸಲು ಒಂದು ಹಗ್ಗ. ಹಿಂದೆ ಚುಕ್ಕಾಣಿ, ಅದಕ್ಕೊಂದು ಹಿಡಿ. ದೋಣಿಯ ನಡುವಿನ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆ ‘ಡ್ಯಾಗರ್‌ಬೋರ್ಡ್’. ಈ ಹಲಗೆಯನ್ನು ನೆನಪಿಡಿ. ಮುಂದೆ ನಿಮ್ಮನ್ನು ಕಾಪಾಡುವುದು ಇದೇ.

ಕಾಲಿಡುವಾಗಲೇ ಮೊದಲ ಪೆಟ್ಟು

ಹೊಸಬರು ಬಸ್ಸು ಹತ್ತಿದಂತೆ ದೋಣಿಯ ಅಂಚಿನ ಮೇಲೆ ಕಾಲಿಡುತ್ತಾರೆ. ಇಡೀ ದೇಹದ ಭಾರ ಒಂದೇ ಬದಿಗೆ ಬಿದ್ದು ದೋಣಿ ಆ ಕಡೆಗೆ ವಾಲುತ್ತದೆ. ಒಂದು ಕಾಲು ದಡದಲ್ಲಿ, ಇನ್ನೊಂದು ದೋಣಿಯಲ್ಲಿ ಇರುವಾಗ ದೋಣಿ ದೂರ ಸರಿದರಂತೂ ಮುಗಿಯಿತು. ಉಪಾಯ ಸುಲಭ. ದೋಣಿಯ ನಡುಭಾಗಕ್ಕೆ ಕಾಲಿಡಿ, ತಕ್ಷಣ ಬಗ್ಗಿ ಕುಳಿತುಕೊಳ್ಳಿ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ದೋಣಿ ಸ್ಥಿರ.

ಚುಕ್ಕಾಣಿಯ ತಿರುವುಮುರುವು

ಸೈಕಲ್ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಸೈಕಲ್ ಎಡಕ್ಕೇ ಹೋಗುತ್ತದೆ. ಆದರೆ ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೊರಳುತ್ತದೆ. ಹಿಡಿ ಎಡಕ್ಕೆ ಹೋದಾಗ ನೀರಿನೊಳಗಿನ ಚುಕ್ಕಾಣಿ ಹಲಗೆ ಬಲಕ್ಕೆ ಚಾಚುತ್ತದೆ. ಹರಿದುಬರುವ ನೀರು ಅದನ್ನು ಒತ್ತಿ ದೋಣಿಯ ಹಿಂಭಾಗವನ್ನು ಎಡಕ್ಕೆ ತಳ್ಳುತ್ತದೆ. ಗಾಬರಿಯಾದಾಗ ಕೈ ಸೈಕಲ್ಲಿನ ಅಭ್ಯಾಸಕ್ಕೇ ಮರಳುತ್ತದೆ. ತಪ್ಪಿಸಬೇಕಾದ ದೋಣಿಗೇ ಹೋಗಿ ಡಿಕ್ಕಿ ಹೊಡೆಯುವುದು ಹೀಗೆ.

ಎದುರುಗಾಳಿಯಲ್ಲಿ ಸಿಕ್ಕಿಬಿದ್ದಾಗ

ಗಾಳಿ ಹಿಂದಿನಿಂದ ನೂಕಿದರೆ ದೋಣಿ ಮುಂದೆ ಹೋಗುವುದು ಎಲ್ಲರಿಗೂ ಅರ್ಥವಾಗುತ್ತದೆ. ಗಾಳಿ ಪಕ್ಕದಿಂದ ಬೀಸಿದಾಗಲೂ ದೋಣಿ ಮುಂದೆ ಹೋಗುವುದು ಹೇಗೆ? ಹಸಿ ನಿಂಬೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ. ಒತ್ತಡ ಎರಡೂ ಪಕ್ಕದಿಂದ. ಬೀಜ ಚಿಮ್ಮುವುದು ಮುಂದಕ್ಕೆ. ಇಲ್ಲಿ ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ಡ್ಯಾಗರ್‌ಬೋರ್ಡನ್ನು ತಡೆಯುವ ನೀರು. ಹಾಯಿಯ ಮೇಲಿನ ಬಲಕ್ಕೆ ಪಕ್ಕದ ಘಟಕವೂ ಉಂಟು, ಮುಂದಿನ ಘಟಕವೂ ಉಂಟು. ಪಕ್ಕದ ಘಟಕವನ್ನು ಹಲಗೆ ತಡೆದರೆ ಮುಂದಿನ ಘಟಕ ದೋಣಿಯನ್ನು ಎಳೆದೊಯ್ಯುತ್ತದೆ. ಹಲಗೆ ಇಳಿಬಿಡಲು ಮರೆತರೆ ದೋಣಿ ಏಡಿಯಂತೆ ಅಡ್ಡಡ್ಡ ಜಾರಿ ದಡದ ಜೊಂಡಿನಲ್ಲಿ ಸೇರಿಕೊಳ್ಳುತ್ತದೆ.

ಆದರೆ ನೇರ ಎದುರುಗಾಳಿಗೆ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗ ಅದಕ್ಕೆ ನಿಷಿದ್ಧ. ಆಗುಂಬೆ ಘಾಟಿಯ ರಸ್ತೆ ನೇರವಾಗಿ ಬೆಟ್ಟ ಹತ್ತದೆ ತಿರುವುಗಳಲ್ಲಿ ಸುತ್ತಿ ಹತ್ತುವುದಲ್ಲವೆ? ಹಾಯಿದೋಣಿಯೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿ ಗಾಳಿಯ ಕಡೆಗೆ ಏರುತ್ತದೆ. ತಿರುವಿನಲ್ಲಿ ವೇಗ ಸಾಲದಿದ್ದರೆ ಮೂತಿ ಗಾಳಿಗೆ ಎದುರಾಗಿ ನಿಂತುಬಿಡುತ್ತದೆ. ಹಾಯಿ ಪಟಪಟ ಬಡಿಯುತ್ತದೆ, ದೋಣಿ ಹಿಮ್ಮುಖವಾಗಿ ತೇಲತೊಡಗುತ್ತದೆ. ಆಗ ಹಾಯಿಯ ಹಗ್ಗ ಸಡಿಲಿಸಿ, ಬೂಮನ್ನೂ ಚುಕ್ಕಾಣಿಯ ಹಿಡಿಯನ್ನೂ ಒಂದೇ ಬದಿಗೆ ತಳ್ಳಿ ಹಿಡಿಯಬೇಕು. ದೋಣಿ ಹಿಂದೆ ಸರಿಯುತ್ತಲೇ ಮೂತಿ ಹೊರಳಿಸುತ್ತದೆ. ಆಮೇಲೆ ಎರಡನ್ನೂ ಒಳಗೆಳೆದುಕೊಂಡರೆ ಪಯಣ ಮತ್ತೆ ಆರಂಭ.

ತಲೆಗೆ ಬಡಿಯುವ ಬೂಮ್

ಗಾಳಿ ಬೆನ್ನ ಹಿಂದಿದ್ದಾಗ ಎಲ್ಲವೂ ಹಾಯಾಗಿರುತ್ತದೆ. ಹೊಸಬರು ಮೈಮರೆಯುವುದು ಇಲ್ಲಿಯೇ. ದೋಣಿ ಸ್ವಲ್ಪ ಹೊರಳಿದರೂ ಸಾಕು, ಗಾಳಿ ಹಾಯಿಯ ಇನ್ನೊಂದು ಮಗ್ಗುಲನ್ನು ಹಿಡಿದು ಬೂಮನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ರಭಸವಾಗಿ ಬೀಸುತ್ತದೆ. ತಲೆ ಅಡ್ಡವಿದ್ದರೆ ಪೆಟ್ಟು ನಿಶ್ಚಯ. ಗಾಳಿ ಬೆನ್ನಿಗಿದ್ದಾಗ ತಲೆ ಕೆಳಗಿರಲಿ, ಕಣ್ಣು ಹಾಯಿಯ ಮೇಲಿರಲಿ.

ಮಗುಚಿದಾಗ ಏನು ಮಾಡಬೇಕು?

ಗಾಳಿ ಇದ್ದಕ್ಕಿದ್ದಂತೆ ಬಿರುಸಾದಾಗ ಹಾಯಿಯ ಮೇಲಿನ ಒತ್ತಡ ದೋಣಿಯನ್ನು ವಾಲಿಸುತ್ತದೆ. ಆಗ ಹಗ್ಗ ಸಡಿಲಿಸಬೇಕು. ಹಾಯಿ ಗಾಳಿಯನ್ನು ಬಿಟ್ಟುಕೊಟ್ಟು ದೋಣಿ ತಾನಾಗಿ ನೆಟ್ಟಗಾಗುತ್ತದೆ. ಆದರೆ ಬೀಳುವವರು ಕೈಯಲ್ಲಿದ್ದುದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹೀಗಾಗಿ ಭಯಪಟ್ಟವರೇ ಹಗ್ಗ ಬಿಗಿದು ದೋಣಿ ಮಗುಚುತ್ತಾರೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ದೋಣಿಗೆ ಕಟ್ಟಿಯೂ ಇಡಬಾರದು.

ಮಗುಚಿದ ಮೇಲಿನ ನಿಯಮ ಒಂದೇ: ದೋಣಿಯನ್ನು ಬಿಡಬೇಡಿ. ಆಪ್ಟಿಮಿಸ್ಟ್ ದೋಣಿಯಲ್ಲಿ ಗಾಳಿ ತುಂಬಿದ ಚೀಲಗಳಿರುತ್ತವೆ. ಆದ್ದರಿಂದ ಅದು ಮುಳುಗುವುದಿಲ್ಲ. ‘ದಡ ಇಲ್ಲೇ ಇದೆ, ಈಜಿಬಿಡೋಣ’ ಎನಿಸುವುದು ಸಹಜ. ನೀರಿನ ಮೇಲೆ ದೂರ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಕೈಕಾಲು ಬೇಗ ಸೋಲುತ್ತವೆ. ಸಹಾಯಕ್ಕೆ ಬರುವವರಿಗೆ ಮಗುಚಿದ ದೋಣಿ ದೂರದಿಂದಲೇ ಕಾಣುತ್ತದೆ, ಈಜುವವರ ತಲೆ ಕಾಣುವುದಿಲ್ಲ. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ಕೆರೆ, ನದಿಗಳಲ್ಲಿ ಮುಳುಗಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಈಜು ಬಲ್ಲವರೂ ಲೈಫ್ ಜಾಕೆಟ್ ಧರಿಸಿಯೇ ದೋಣಿ ಹತ್ತಬೇಕು. ಶಿಕ್ಷಕರಿಲ್ಲದೆ, ಕಾವಲು ದೋಣಿಯಿಲ್ಲದೆ ನೀರಿಗಿಳಿಯಬಾರದು.

ದೋಣಿಯನ್ನು ಮತ್ತೆ ಎತ್ತುವುದು ಸನ್ನೆಯ ತತ್ವ. ತಡಮಾಡಿದರೆ ಹಾಯಿಕಂಬ ಪೂರ್ತಿ ಕೆಳಮುಖವಾಗಿ ದೋಣಿ ಆಮೆಯಂತೆ ಬೋರಲಾಗುತ್ತದೆ. ಆದ್ದರಿಂದ ಬೇಗ ತಳದ ಕಡೆಗೆ ಸುತ್ತಿ ಬನ್ನಿ. ದೋಣಿಯ ಮೂತಿ ಗಾಳಿಯ ಕಡೆಗಿರಲಿ, ಹಗ್ಗ ಸಡಿಲವಾಗಿರಲಿ. ಇಲ್ಲದಿದ್ದರೆ ಎದ್ದ ದೋಣಿ ಮತ್ತೊಂದು ಬದಿಗೆ ಬೀಳುತ್ತದೆ. ಚಾಚಿಕೊಂಡಿರುವ ಡ್ಯಾಗರ್‌ಬೋರ್ಡ್ ಮೇಲೆ ಭಾರ ಹಾಕಿ, ದೋಣಿಯ ಅಂಚು ಹಿಡಿದು ಹಿಂದಕ್ಕೆ ವಾಲಿ. ಹಲಗೆ ಸನ್ನೆಯಾಗುತ್ತದೆ, ನಿಮ್ಮ ತೂಕವೇ ಬಲ. ಹಾಯಿ ನೀರಿನಿಂದ ಮೇಲೇಳುತ್ತದೆ. ಒಳಗೆ ತುಂಬಿದ ನೀರನ್ನು ಎತ್ತಿ ಚೆಲ್ಲಿದರೆ ದೋಣಿ ಮತ್ತೆ ಸಿದ್ಧ. ಒಳ್ಳೆಯ ಶಾಲೆಗಳಲ್ಲಿ ಶಿಕ್ಷಕರೇ ದೋಣಿ ಮಗುಚಿಸಿ ಇದನ್ನು ಮೊದಲೇ ಕಲಿಸುತ್ತಾರೆ.

ದೋಣಿ ಬಿಡಬಾರದೆಂಬುದು ಕೆರೆಗಷ್ಟೇ ಅಲ್ಲ, ಸಾಗರಕ್ಕೂ ಸಲ್ಲುವ ನಿಯಮ. 2018ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿ ಅವರು ಒಂಟಿಯಾಗಿ ಜಗತ್ತನ್ನು ಸುತ್ತುವ ಸ್ಪರ್ಧೆಯಲ್ಲಿದ್ದಾಗ, ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ಹಾಯಿಕಂಬ ಮುರಿಯಿತು, ಬೆನ್ನಿಗೂ ಗಾಯವಾಯಿತು. ಅವರು ದೋಣಿಯಲ್ಲೇ ಉಳಿದರು. ದಿನಗಳ ನಂತರ ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗೊಂದು ಅವರನ್ನು ಪಾರುಮಾಡಿತು. ಅದೇ ಸ್ಪರ್ಧೆಗೆ 2022ರಲ್ಲಿ ಮರಳಿ ಹೊರಟು, 2023ರಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.

ನೀವೇ ಮಾಡಿ ನೋಡಿ

ಥರ್ಮೊಕೋಲ್ ತುಂಡಿನಲ್ಲಿ ಒಂದು ದೋಣಿ ಕತ್ತರಿಸಿ. ಪೊರಕೆ ಕಡ್ಡಿ ಚುಚ್ಚಿ ಹಳೆಯ ಪೋಸ್ಟ್ ಕಾರ್ಡಿನ ಹಾಯಿ ಕಟ್ಟಿ, ಅಗಲವಾದ ಬಾನಿಯಲ್ಲಿ ತೇಲಿಬಿಡಿ. ಪಕ್ಕದಿಂದ ಬೀಸಣಿಗೆಯಲ್ಲಿ ಗಾಳಿ ಹಾಕಿ. ದೋಣಿ ಅಡ್ಡ ಜಾರುತ್ತದೆ. ಈಗ ತಳಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ, ಹಾಯಿಯನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಮತ್ತೆ ಗಾಳಿ ಹಾಕಿ. ಯಾವ ಕೋನದಲ್ಲಿ ದೋಣಿ ಚೆನ್ನಾಗಿ ಮುಂದೆ ಹೋಯಿತು, ಯಾವ ಕೋನದಲ್ಲಿ ಮಗುಚಿತು ಎಂದು ಬರೆದಿಟ್ಟುಕೊಳ್ಳಿ. ಬಾನಿಯಲ್ಲಿ ನೂರು ಸಲ ಮಗುಚಿದರೂ ನಷ್ಟವಿಲ್ಲ.