ತಲೆಯ ನೀರಿಗೆ ಹೊಟ್ಟೆಯ ದಾರಿ: ಕತ್ತಿ ಇಳಿಯುವ ಮುನ್ನ ನಳಿಕೆಯ ಸುದ್ದಿ ಹೇಳಿ

ಮಾಕಳಿ: ಹೊಟ್ಟೆನೋವು ಯಾರಿಗೆ ಬರಲ್ಲ ಸ್ವಾಮಿ? ಪೀಣ್ಯದ ಶಿಫ್ಟಿಗೆ ಬಸ್ಸು ಹಿಡಿಯುವವರಿಗೂ ಬರುತ್ತೆ, ತುಮಕೂರು ರಸ್ತೆ ಬದಿಯಲ್ಲಿ ಅಂಗಡಿ ಇಟ್ಟವರಿಗೂ ಬರುತ್ತೆ. ಸೋಡಾ ಕುಡಿದು, ಓಮ ಅಗಿದು, ಅದಕ್ಕೂ ಕೇಳದಿದ್ದರೆ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗುವುದು ವಾಡಿಕೆ. ‘ಅಪೆಂಡಿಕ್ಸು, ಆಪರೇಷನ್ ಆಗಬೇಕು’ ಅಂದರೆ ಸಹಿ ಹಾಕುವುದೂ ವಾಡಿಕೆಯೇ.

ಆದರೆ ಕೆಲವರ ಹೊಟ್ಟೆ ಬರೀ ಹೊಟ್ಟೆಯಲ್ಲ. ತಲೆಯಿಂದ ಇಳಿದು ಬಂದ ಸಣ್ಣ ನಳಿಕೆಯೊಂದರ ತುದಿ ಅದರೊಳಗೆ ಇರುತ್ತದೆ. ಡಾಕ್ಟರಿಗೆ ಈ ವಿಷಯ ತಿಳಿಯದೆ ಕತ್ತಿ ಇಳಿದರೆ, ಹೊಟ್ಟೆಯ ಕಾಯಿಲೆ ತಲೆಗೇರುವ ಅಪಾಯವುಂಟು.

ಏನಿದು ಶಂಟ್?

ದೊಡ್ಡವರ ಮೆದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿನೀರು ಹುಟ್ಟುತ್ತದೆ. ಒಂದು ಹೊತ್ತಿಗೆ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಉಳಿದದ್ದು ರಕ್ತಕ್ಕೆ ಸೇರಿಹೋಗುತ್ತದೆ. ಈ ದಾರಿ ಕಟ್ಟಿಕೊಂಡರೆ ನೀರು ನಿಂತು ಮೆದುಳನ್ನು ಒತ್ತುತ್ತದೆ. ಕೂಸುಗಳಿಗೆ ಹುಟ್ಟಿನಿಂದಲೇ ಹೀಗಾಗುವುದುಂಟು. ಟಿ.ಬಿ. ಮೆದುಳುಜ್ವರ, ಮೆದುಳಿನ ಗಡ್ಡೆ, ತಲೆಯೊಳಗಿನ ರಕ್ತಸ್ರಾವ ಇವುಗಳಿಂದ ದೊಡ್ಡವರಿಗೂ ಬರುತ್ತದೆ. ಡಾಕ್ಟರುಗಳು ಇದಕ್ಕೆ ಹೈಡ್ರೊಸೆಫಾಲಸ್ ಅನ್ನುತ್ತಾರೆ.

ಇದಕ್ಕೆ ಮಾಡುವ ಉಪಾಯವೇ ಶಂಟ್. ತಲೆಬುರುಡೆಗೆ ಸಣ್ಣ ತೂತು ಕೊರೆದು ನಳಿಕೆ ಇಳಿಸುತ್ತಾರೆ. ಮಧ್ಯೆ ನೀರು ಒಂದೇ ಕಡೆಗೆ ಹರಿಯುವಂತೆ ವಾಲ್ವ್ ಇರುತ್ತದೆ. ನಳಿಕೆ ಕಿವಿಯ ಹಿಂದಿನಿಂದ ಕತ್ತು, ಎದೆಯ ಚರ್ಮದಡಿ ಹಾದು ಹೊಟ್ಟೆಯೊಳಗೆ ಬಂದು ತಲುಪುತ್ತದೆ. ಅಲ್ಲಿ ಬಿದ್ದ ನೀರನ್ನು ಹೊಟ್ಟೆಯ ಒಳಪೊರೆ ಹೀರಿಕೊಳ್ಳುತ್ತದೆ. ಮಕ್ಕಳಿಗಾದರೆ ಬೆಳೆದಂತೆ ಸಾಲಲೆಂದು ಉದ್ದನೆಯ ನಳಿಕೆಯನ್ನೇ ಬಿಟ್ಟಿರುತ್ತಾರೆ.

ಪೀಣ್ಯದ ಲೇತ್ ಕೆಲಸಗಾರರು ಹೆಮ್ಮೆಪಡುವ ಸಂಗತಿಯೊಂದಿದೆ. ಹೆಸರುವಾಸಿಯಾದ ಮೊದಲ ಶಂಟ್ ವಾಲ್ವ್‌ಗಳಲ್ಲಿ ಒಂದನ್ನು ಮಾಡಿದವನು ಡಾಕ್ಟರಲ್ಲ, ಅಮೆರಿಕದ ಬೀಗದ ಕಂಪನಿಯೊಂದರ ಕುಶಲಕರ್ಮಿ ಜಾನ್ ಹೋಲ್ಟರ್. ಮಗ ಕೇಸಿಗೆ ಇದೇ ಕಾಯಿಲೆ. ಸರ್ಜನ್ ಯೂಜೀನ್ ಸ್ಪಿಟ್ಜ್ ಜೊತೆಗೂಡಿ 1956ರಲ್ಲಿ ಸಿಲಿಕೋನ್ ವಾಲ್ವ್ ತಯಾರಿಸಿದ. ಮಗ ಕೆಲವೇ ವರ್ಷ ಬದುಕಿದ. ತಂದೆಯ ವಾಲ್ವ್ ಎಷ್ಟೋ ಮಕ್ಕಳ ಜೀವ ಉಳಿಸಿತು. ಈಗ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲೇ ತಯಾರಾಗುವ ಛಾಬ್ರಾ ಶಂಟ್, ವಿದೇಶಿ ಮಾಲಿಗಿಂತ ಬಹಳ ಅಗ್ಗ.

ತಲೆ ಅಲ್ಲಿ, ಹೊಟ್ಟೆ ಇಲ್ಲಿ

ಬೆಂಗಳೂರಿನವರಿಗೆ ಮೆದುಳಿನ ಆಪರೇಷನ್ ಅಂದ ಕೂಡಲೇ ನೆನಪಾಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್. 1974ರಲ್ಲಿ ಅದು ಈ ಹೆಸರು ಪಡೆಯಿತು. ಮೊದಲ ನಿರ್ದೇಶಕರು ನರಶಸ್ತ್ರವೈದ್ಯ ಡಾ. ಆರ್. ಎಂ. ವರ್ಮ. ಮಾಕಳಿಯಿಂದ ಅಲ್ಲಿಗೆ ಹೋಗಬೇಕಾದರೆ ಊರನ್ನೆಲ್ಲ ದಾಟಬೇಕು. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂದು ಸ್ವಲ್ಪ ಅನುಕೂಲವಾಯಿತು ನಿಜ, ಆದರೆ ನಡುರಾತ್ರಿಯ ಹೊಟ್ಟೆನೋವಿಗೆ ಮೆಟ್ರೊ ಕಾಯುವವರಾರು?

ತೊಡಕಿರುವುದೇ ಇಲ್ಲಿ. ತಲೆಯ ಆಪರೇಷನ್ ಆದದ್ದು ಒಂದು ಆಸ್ಪತ್ರೆಯಲ್ಲಿ, ಯಾವುದೋ ಕಾಲದಲ್ಲಿ. ಹೊಟ್ಟೆನೋವು ಬಂದದ್ದು ಇಪ್ಪತ್ತು ವರ್ಷದ ಮೇಲೆ, ಬೇರೆ ಊರಲ್ಲಿ. ಕೂಸಾಗಿದ್ದಾಗ ಶಂಟ್ ಹಾಕಿಸಿಕೊಂಡ ಹುಡುಗಿ ಮದುವೆಯಾಗಿ ಇಲ್ಲಿಗೆ ಬಂದಿದ್ದಾಳೆ ಅಂತಿಟ್ಟುಕೊಳ್ಳಿ. ಕಿವಿಯ ಹಿಂದಿನ ಗುಬಟು ಕೂದಲಲ್ಲಿ ಮುಚ್ಚಿದೆ. ಕಾಗದ ತವರುಮನೆಯ ಟ್ರಂಕಿನಲ್ಲಿದೆ. ‘ಅತ್ತೆ ಮನೆಯಲ್ಲಿ ಯಾಕಮ್ಮಾ ಆ ಮಾತು’ ಎಂದು ತಾಯಿಯೇ ಬಾಯಿ ಕಟ್ಟಿರುತ್ತಾಳೆ. ಸಂತಾನಹರಣಕ್ಕೋ ಪಿತ್ತಕೋಶದ ಕಲ್ಲಿಗೋ ಟೇಬಲ್ ಹತ್ತಿದಾಗ ಡಾಕ್ಟರಿಗೆ ಹೇಳುವವರಿಲ್ಲ.

ಹೇಳಿದರೆ ಏನು ಮಾಡುತ್ತಾರೆ?

ಶಂಟ್ ಇದ್ದವರಿಗೆ ಹೊಟ್ಟೆ ಆಪರೇಷನ್ ಕೂಡದು ಎಂದೇನೂ ಇಲ್ಲ. ವಿಷಯ ತಿಳಿದರೆ ಸರ್ಜನ್ ಎಕ್ಸ್‌ರೇ ತೆಗೆಸಿ ನಳಿಕೆ ಎಲ್ಲಿ ಹಾದಿದೆ ನೋಡಿಕೊಳ್ಳುತ್ತಾರೆ, ನರಶಸ್ತ್ರವೈದ್ಯರೊಡನೆ ಮಾತಾಡುತ್ತಾರೆ. ಹರ್ನಿಯದಂಥ ಕೀವಿಲ್ಲದ ಆಪರೇಷನ್ನಾದರೆ ಆಂಟಿಬಯೋಟಿಕ್ ಕೊಟ್ಟು, ಸಾಮಾನ್ಯವಾಗಿ ನಳಿಕೆಯನ್ನು ಇದ್ದಲ್ಲೇ ಬಿಡುತ್ತಾರೆ.

ಅಪೆಂಡಿಕ್ಸ್ ಒಡೆದು ಕೀವು ಹರಡಿದ್ದರೆ, ಕರುಳು ತೂತಾಗಿದ್ದರೆ ಕತೆಯೇ ಬೇರೆ. ಸೋಂಕು ನಳಿಕೆ ಹಿಡಿದು ಮೆದುಳಿನವರೆಗೆ ಏರಬಹುದು. ಆಗ ಹೊಟ್ಟೆಯಲ್ಲಿರುವ ತುದಿಯನ್ನು ಹೊರಗೆಳೆದು, ತಲೆಯ ನೀರನ್ನು ಕೆಲವು ದಿನ ಹೊರಗಿನ ಚೀಲಕ್ಕೆ ಹರಿಸಬೇಕಾಗಬಹುದು. ಸೋಂಕು ಪೂರ್ತಿ ಇಳಿದ ಮೇಲೆ ಮತ್ತೆ ಶಂಟ್.

ಗ್ಯಾಸ್ ತುಂಬಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಇನ್ನೊಂದು ಸೂಕ್ಷ್ಮ. ಹೊಟ್ಟೆಯನ್ನು ಕಾರ್ಬನ್ ಡೈಆಕ್ಸೈಡಿನಿಂದ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಉಬ್ಬಿಸುತ್ತಾರೆ. ಮಳೆಗೆ ಚರಂಡಿ ತುಂಬಿದಾಗ ಬಚ್ಚಲ ನೀರು ಇಳಿಯದೆ ನಿಲ್ಲುವುದಿಲ್ಲವೇ? ಹಾಗೆಯೇ ತಲೆಯ ನೀರು ಇಳಿಯುವುದು ನಿಧಾನವಾಗಿ ಒಳಒತ್ತಡ ಏರಬಹುದು. ವಾಲ್ವ್ ಇರುವುದರಿಂದ ಗ್ಯಾಸ್ ಮೇಲೇರುವ ಭಯ ಕಡಿಮೆ. ಒತ್ತಡ ಇಳಿಸಿ, ಬೇಗ ಮುಗಿಸಿ, ಅರಿವಳಿಕೆ ಡಾಕ್ಟರು ಎಚ್ಚರವಿದ್ದರೆ ಹೆಚ್ಚಿನವರಿಗೆ ಸಲೀಸಾಗಿ ಆಗುತ್ತದೆ ಎಂಬುದು ಅನುಭವ. ಶಂಟ್ ಒಂದೇ ಕಾರಣಕ್ಕೆ ಬಸುರಿಗೆ ಸಿಸೇರಿಯನ್ ಬೇಕಿಲ್ಲ ಎಂಬುದೂ ತಿಳಿದಿರಲಿ.

ಆಪರೇಷನ್ ಮುಗಿಯಿತು ಎಂದು ನಿರಾಳ ಬೇಡ

ಆಪರೇಷನ್ ಆದವರು ವಾಂತಿ ಮಾಡುತ್ತಾರೆ, ತೂಕಡಿಸುತ್ತಾರೆ. ‘ಮತ್ತಿನ ಔಷಧಿ ಇನ್ನೂ ಇಳಿದಿಲ್ಲ’ ಅನ್ನುತ್ತಾರೆ ಪಕ್ಕದವರು. ಶಂಟ್ ಇದ್ದವರಲ್ಲಿ ಅದೇ ವಾಂತಿ, ಅದೇ ತೂಕಡಿಕೆ ನಳಿಕೆ ಕಟ್ಟಿಕೊಂಡ ಸೂಚನೆಯೂ ಆಗಿರಬಹುದು. ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಕೂಸಿನ ನೆತ್ತಿ ಉಬ್ಬುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಉಲ್ಟಾ ಆಗುವುದೂ ಉಂಟು. ನಳಿಕೆಯ ತುದಿಯ ಸುತ್ತ ನೀರಿನ ಗಂಟು ಕಟ್ಟಿ ಹೊಟ್ಟೆ ಉಬ್ಬಬಹುದು, ಸೋಂಕಾಗಿ ಜ್ವರ ಬರಬಹುದು, ಥೇಟ್ ಅಪೆಂಡಿಕ್ಸಿನಂತೆ ನೋಯಬಹುದು. ಆಗ ಕಾಯಿಲೆ ಕರುಳಿನದಲ್ಲ, ನಳಿಕೆಯದ್ದು. ಮೊಂಡು ಮಲಬದ್ಧತೆಯಿಂದಲೂ ಶಂಟಿನ ಹರಿವಿಗೆ ಅಡ್ಡಿಯಾದದ್ದುಂಟು.

ಮನೆಯವರು ಮಾಡಬೇಕಾದ್ದು ಇಷ್ಟು. ಶಂಟ್ ಹಾಕಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಅದರ ಫೋಟೊ ಮೊಬೈಲಿನಲ್ಲಿರಲಿ. ಯಾವ ವರ್ಷ, ಯಾವ ಆಸ್ಪತ್ರೆ, ಯಾವ ವಾಲ್ವ್, ಯಾವ ಕಡೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ. ಹಲ್ಲಿನ ಡಾಕ್ಟರಿಂದ ಹಿಡಿದು ಹೆರಿಗೆ ಡಾಕ್ಟರವರೆಗೆ ಎಲ್ಲರಿಗೂ ಮೊದಲ ಮಾತಿಗೇ ಹೇಳಿ. ‘ಹಳೇ ಕತೆ, ಈಗ ಯಾಕೆ’ ಅನ್ನಬೇಡಿ. ನಳಿಕೆ ಹಳೆಯದಾದರೂ ಕೆಲಸ ದಿನವೂ ನಡೆದೇ ಇದೆ.

ಶಂಟ್ ಹಾಕಿಸಿಕೊಂಡದ್ದು ನಾಚಿಕೆಯ ವಿಷಯವಲ್ಲ, ಮುಚ್ಚಿಡುವ ಗುಟ್ಟಂತೂ ಅಲ್ಲ. ಅತ್ತೆಗೆ ಹೇಳುವುದು ಬಿಡುವುದು ಅವರವರ ಇಷ್ಟ. ಸರ್ಜನ್‌ಗೆ ಮಾತ್ರ ಹೇಳಲೇಬೇಕು.