ಮೂರು ಸೋಲಿನ ಬಳಿಕ ಮಿಡಿದ ಕವಾಟ

ನಮ್ಮ ಹೃದಯದ ಕವಾಟಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ವರ್ಷದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ಕೋಟಿ ಸಲ. ಮನೆ ಬಾಗಿಲಿನ ಚಿಲಕವನ್ನು ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕಿದರೂ ಕೆಲವೇ ವರ್ಷಗಳಲ್ಲಿ ಅದು ಸಡಿಲವಾಗುತ್ತದೆ. ಹಾಗಿರುವಾಗ ಹೃದಯದ ಕವಾಟ ಕೆಟ್ಟರೆ ಅಲ್ಲಿ ಕೂರಿಸುವ ಕೃತಕ ಕವಾಟ ಎಷ್ಟು ಗಟ್ಟಿಯಿರಬೇಕು? ಅದು ಸವೆಯಬಾರದು, ಮುರಿಯಬಾರದು, ರಕ್ತವನ್ನು ಹೆಪ್ಪುಗಟ್ಟಿಸಬಾರದು. ಬಡವರ ಕೈಗೂ ಎಟುಕಬೇಕು. ಇದು ವೈದ್ಯರೊಬ್ಬರೇ ಬಿಡಿಸುವ ಒಗಟಲ್ಲ, ಎಂಜಿನಿಯರ್ ಒಬ್ಬರೇ ಬಿಡಿಸುವ ಒಗಟೂ ಅಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ ಕೂರಬೇಕು. ಆ ಮೇಜಿನ ಹೆಸರೇ ಬಯೊಮೆಡಿಕಲ್ ಎಂಜಿನಿಯರಿಂಗ್.

ನಮ್ಮ ದೇಶದಲ್ಲಿ ಅಂಥ ಮೇಜೊಂದನ್ನು ಹಾಕಿದ್ದು ತಿರುವನಂತಪುರದಲ್ಲಿ. ಗಂಟಲು ಬೇನೆಯ ಸೋಂಕಿನಿಂದ ಶುರುವಾಗಿ ಕವಾಟಗಳನ್ನೇ ಹಾಳುಗೆಡವುವ ರುಮ್ಯಾಟಿಕ್ ಹೃದ್ರೋಗ ಆಗ ಬಡ ಮಕ್ಕಳನ್ನು, ಯುವಕರನ್ನು ಬಹಳವಾಗಿ ಕಾಡುತ್ತಿತ್ತು. ವಿದೇಶದಿಂದ ತರಿಸುವ ಕವಾಟದ ಬೆಲೆ ಅವರ ಕೈಗೆ ಎಟುಕುವಂತಿರಲಿಲ್ಲ. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಕವಾಟವನ್ನು ಇಲ್ಲೇ ಮಾಡಬೇಕೆಂದು ಹಟ ಹಿಡಿದರು. ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಮತ್ತು ಸಂಗಡಿಗರು ಕೈಜೋಡಿಸಿದರು. ತಿರುವಾಂಕೂರು ರಾಜಮನೆತನದ ಸಾಟೆಲ್‌ಮಂಡ್ ಅರಮನೆಯೇ ಪ್ರಯೋಗಾಲಯವಾಯಿತು.

ಮೊದಲ ಮಾದರಿಯಲ್ಲಿ ಬೆಸುಗೆ ಬಿಟ್ಟಿತು. ಎರಡನೆಯದರಲ್ಲಿ ಟೈಟೇನಿಯಂ ಚೌಕಟ್ಟು ಸವೆಯಿತು. ಮೂರನೆಯದಕ್ಕೆ ಜೆಟ್ ಎಂಜಿನ್‌ಗಳಲ್ಲಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ನೀಲಮಣಿಯ ಹರಳಿನ ಬಿಲ್ಲೆ. ಅದನ್ನು ಕುರಿಯೊಂದಕ್ಕೆ ಜೋಡಿಸಿದರು. ಕೆಲವು ತಿಂಗಳು ಚೆನ್ನಾಗಿದ್ದ ಕುರಿ ಸತ್ತಿತು. ನೋಡಿದರೆ ಬಿಲ್ಲೆಯೇ ಒಡೆದಿತ್ತು. ನಾಲ್ಕನೆಯ ಸಲ ಚೌಕಟ್ಟು ಅದೇ ಉಳಿಯಿತು, ಹರಳಿನ ಜಾಗಕ್ಕೆ ಒಂದು ಬಗೆಯ ಗಟ್ಟಿ ಪಾಲಿಎಥಿಲೀನ್ ಬಂತು. ಕೃತಕ ಸೊಂಟದ ಕೀಲಿಗೆ ಹಾಕುವ ಪ್ಲಾಸ್ಟಿಕ್ ಅದೇ. ಸುತ್ತ ಹೊಲಿಗೆ ಹಾಕಲು ಪಾಲಿಯೆಸ್ಟರ್ ಬಟ್ಟೆಯ ಬಳೆ. ಬಡಿತಕ್ಕೊಮ್ಮೆ ವಾಲಿ ರಕ್ತಕ್ಕೆ ದಾರಿ ಬಿಡುವ ಬಿಲ್ಲೆ ತನ್ನಷ್ಟಕ್ಕೇ ತಿರುಗುತ್ತಲೂ ಇರುತ್ತದೆ. ಆದ್ದರಿಂದ ಸವೆತ ಒಂದೇ ಕಡೆ ಬೀಳುವುದಿಲ್ಲ. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಇಂದು ಚಿತ್ರಾ ಕವಾಟ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಗೆ ಸೇರಿದೆ.

ಲಾಭದ ಲೆಕ್ಕ ಬರೆಯುವ ಯಾವ ಕಂಪನಿ ಮೂರು ಸೋಲನ್ನು ತಾಳಿಕೊಂಡು ಹತ್ತು ವರ್ಷಕ್ಕೂ ಮೀರಿ ಕಾಯುತ್ತಿತ್ತು? ಶ್ರೀ ಚಿತ್ರಾ ಸರ್ಕಾರಿ ಸಂಸ್ಥೆ. 1980ರಲ್ಲಿ ಸಂಸತ್ತು ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಕೊಟ್ಟಿತು. ತಾನೇ ಪದವಿ ಕೊಡುವ ಅಧಿಕಾರವೂ ಅದಕ್ಕಿದೆ. ಸೋಲಲು ಸಮಯ ಕೊಡುವುದು, ಸೋತವರನ್ನು ಮತ್ತೆ ಮೇಜಿಗೆ ಕೂರಿಸುವುದು ಸಾರ್ವಜನಿಕ ಸಂಸ್ಥೆಗಳ ದೊಡ್ಡ ಶಕ್ತಿ. ಬಯೊಮೆಡಿಕಲ್ ಎಂಜಿನಿಯರಿಂಗ್‌ನ ಸ್ನಾತಕೋತ್ತರ ವಿದ್ಯಾರ್ಥಿ ಅಲ್ಲಿ ಕಲಿಯಬೇಕಾದ ಮೊದಲ ಪಾಠವೂ ಅದೇ.

ಈ ಓದು ಹೇಗಿರುತ್ತದೆ? ಇಸಿಜಿಯನ್ನೇ ತೆಗೆದುಕೊಳ್ಳಿ. ಹೃದಯದ ವಿದ್ಯುತ್ ಸಂಕೇತ ಚರ್ಮದ ಮೇಲೆ ಸಿಗುವುದು ಒಂದು ವೋಲ್ಟ್‌ನ ಸುಮಾರು ಸಾವಿರದ ಒಂದು ಪಾಲಿನಷ್ಟು ಮಾತ್ರ. ಗೋಡೆಯೊಳಗಿನ ತಂತಿಗಳ 50 ಹರ್ಟ್ಸ್ ವಿದ್ಯುತ್ತಿನ ಗದ್ದಲ ಅದರ ಮೇಲೆ ಸವಾರಿ ಮಾಡುತ್ತಿರುತ್ತದೆ. ರೋಗಿ ಕೈ ಅಲುಗಿಸಿದರೆ ಸ್ನಾಯುಗಳ ಸದ್ದೂ ಸೇರುತ್ತದೆ. ಈ ಸಂತೆಯಲ್ಲಿ ಹೃದಯದ ಪಿಸುಮಾತನ್ನು ಮಾತ್ರ ಹೆಕ್ಕಿ ತೆಗೆಯಬೇಕು. ಗದ್ದಲ ಸೋಸುವ ಭರದಲ್ಲಿ ಕಾಯಿಲೆಯ ಸುಳಿವನ್ನೇ ಸೋಸಿಬಿಟ್ಟರೆ ರೋಗಿಯ ಜೀವಕ್ಕೆ ಕುತ್ತು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಶರೀರಶಾಸ್ತ್ರ ಯಾಕೆ ಬೇಕು ಎಂಬುದು ಆ ಮೇಜಿನ ಮುಂದೆ ತಾನಾಗಿ ತಿಳಿಯುತ್ತದೆ.

ಅದಕ್ಕೇ ಒಳ್ಳೆಯ ಕೋರ್ಸುಗಳಲ್ಲಿ ಹಲವು ಆಸ್ಪತ್ರೆಯ ನಂಟಿನಲ್ಲೇ ಬೆಳೆದಿವೆ. ದೆಹಲಿಯಲ್ಲಿ ಐಐಟಿ ಮತ್ತು ಏಮ್ಸ್ ಸೇರಿ 1971ರಲ್ಲೇ ಜಂಟಿ ಕೇಂದ್ರ ತೆರೆದವು. ಐಐಟಿ ಮದ್ರಾಸ್, ಶ್ರೀ ಚಿತ್ರಾ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಒಟ್ಟಾಗಿ ಕ್ಲಿನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ನಡೆಸುತ್ತವೆ. ಐಐಟಿ ಖರಗ್‌ಪುರ ಎಂಬಿಬಿಎಸ್ ಮುಗಿಸಿದ ವೈದ್ಯರಿಗೂ ತಂತ್ರಜ್ಞಾನದ ಸ್ನಾತಕೋತ್ತರ ಪದವಿಯ ಬಾಗಿಲು ತೆರೆದಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜೈವಿಕ ಎಂಜಿನಿಯರಿಂಗ್ ವಿಭಾಗವಿದೆ. ಅದೇ ಆವರಣದಲ್ಲಿ ಆಸ್ಪತ್ರೆ ಕಟ್ಟಲು ದಾನಿಗಳಾದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 2022ರಲ್ಲಿ 425 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದರು.

ಈ ದಾರಿ ಹಿಡಿಯಲು ಬಯಸುವವರಿಗೆ ಎರಡು ಮಾತು. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಇನ್‌ಸ್ಟ್ರುಮೆಂಟೇಷನ್, ಬಯೊಟೆಕ್ನಾಲಜಿ ಹೀಗೆ ಹಲವು ಶಾಖೆಗಳವರಿಗೆ ಅವಕಾಶವಿದೆ. ಗೇಟ್ ಪರೀಕ್ಷೆಯಲ್ಲಿ ಬಯೊಮೆಡಿಕಲ್ ಎಂಜಿನಿಯರಿಂಗ್‌ಗೆ 2020ರಿಂದ ಪ್ರತ್ಯೇಕ ಪತ್ರಿಕೆಯೇ ಇದೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಹಾಯಧನ ಸಿಗುತ್ತದೆ. ಪಿಎಚ್.ಡಿ.ಗೆ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ 37,000 ರೂಪಾಯಿ. ಸಾಫ್ಟ್‌ವೇರ್ ಸಂಬಳದ ಮುಂದೆ ಇದು ಸಣ್ಣದೇ. ಆದರೆ ಸಾಲ ಮಾಡದೆ ಓದು ಮುಗಿಸುವ ದಾರಿ ಇದು. ಹಳ್ಳಿಯಿಂದ ಬಂದ ಮಗುವಿಗೆ ಅದು ಸಣ್ಣ ಮಾತಲ್ಲ.

ಬಯೊಮೆಡಿಕಲ್ ಎಂಜಿನಿಯರ್‌ಗಳ ಅಗತ್ಯ ಎಷ್ಟಿದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳ ಉಪಕರಣಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ ದೇಶದಾದ್ಯಂತ ಎಣಿಸಿತ್ತು. 29,115 ಆರೋಗ್ಯ ಕೇಂದ್ರಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಉಪಕರಣಗಳಿದ್ದವು. ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ ಶೇ 34ರಷ್ಟು ಉಪಕರಣಗಳು ಕೆಟ್ಟು ಕೂತಿದ್ದವು. ನಿರ್ವಹಣೆಗೆಂದೇ 2015ರಲ್ಲಿ ಪ್ರತ್ಯೇಕ ಕಾರ್ಯಕ್ರಮ ಶುರು ಮಾಡಬೇಕಾಯಿತು. ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತ ಯಂತ್ರದ ಎದುರು ಉಸಿರಾಡಲು ಒದ್ದಾಡುವ ಅಜ್ಜಿಗೆ ಅದು ಯಾವ ದೇಶದ್ದಾದರೇನು? ಅದನ್ನು ಸರಿಪಡಿಸಬಲ್ಲವರು ಬೇಕು. ನಮ್ಮ ಧೂಳು, ನಮ್ಮ ಸೆಕೆ, ಬಂದು ಹೋಗುವ ನಮ್ಮ ಕರೆಂಟು ಇವನ್ನೆಲ್ಲ ತಾಳುವ ಯಂತ್ರವನ್ನು ಇಲ್ಲೇ ಕಟ್ಟುವವರು ಅದಕ್ಕಿಂತ ಹೆಚ್ಚು ಬೇಕು.

ವಲಿಯತ್ತಾನ್ ಅವರಿಗೂ ನಮ್ಮ ನಾಡಿಗೂ ನಂಟಿದೆ. 1990ರ ದಶಕದಲ್ಲಿ ಅವರು ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2024ರ ಜುಲೈನಲ್ಲಿ ಕೊನೆಯುಸಿರೆಳೆದದ್ದೂ ಮಣಿಪಾಲದಲ್ಲೇ. ಅವರನ್ನು ನೆನೆಯುವ ಸರಿಯಾದ ದಾರಿ ಅವರು ಹಾಕಿದಂಥ ಮೇಜನ್ನು ಇಲ್ಲಿಯೂ ಹಾಕುವುದು.

ಬೆಂಗಳೂರಿನ ಕೆ.ಆರ್. ವೃತ್ತದಲ್ಲಿ ಸರ್ಕಾರದ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇದೆ. ರಾಜ್ಯ ಸರ್ಕಾರ ಅದನ್ನು ಐಐಟಿ ಮಾದರಿಯಲ್ಲಿ ಬೆಳೆಸಲೆಂದು ಕಾಯ್ದೆ ಮಾಡಿ ಸ್ವಾಯತ್ತತೆ ಕೊಟ್ಟಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕೆ.ಆರ್. ಮಾರ್ಕೆಟ್ ಪಕ್ಕ, ವಿಕ್ಟೋರಿಯಾ ಆಸ್ಪತ್ರೆ ಮತ್ತು ಬೆಂಗಳೂರು ವೈದ್ಯಕೀಯ ಕಾಲೇಜು ಇವೆ. ಒಂದು ಕಡೆ ಎಂಜಿನಿಯರ್‌ಗಳು, ಇನ್ನೊಂದು ಕಡೆ ವೈದ್ಯರು ಮತ್ತು ದಿನವೂ ಸಾಲುಗಟ್ಟುವ ರೋಗಿಗಳು. ಎರಡೂ ಸರ್ಕಾರದವೇ. ಮೈಸೂರು, ಹುಬ್ಬಳ್ಳಿ, ಕಲಬುರಗಿಯಲ್ಲೂ ಹೀಗೆ ಎರಡು ಬಾಗಿಲುಗಳನ್ನು ಜೋಡಿಸಬಹುದು. ಸರ್ಕಾರ ಅವರನ್ನು ಒಂದೇ ಮೇಜಿಗೆ ಕರೆಯಲಿ, ಹತ್ತು ವರ್ಷ ಸಮಯ ಕೊಡಲಿ, ಮೂರು ಸಲ ಸೋಲಲು ಬಿಡಲಿ. ನಾಲ್ಕನೆಯ ಸಲ ಮಿಡಿಯುವುದು ನಮ್ಮವರ ಎದೆಯೇ.