ಮಂಗಳದ ಮೇಲೊಂದು ಕಛೇರಿ

ಬೆಳಗಿನ ಆರೂವರೆಗೆ ಫೋನಿನ ಗುಂಪಿನಲ್ಲಿ ಯಾರೋ ನಲವತ್ತು ಸೆಕೆಂಡಿನ ಒಂದು ಆಲಾಪನೆ ಹಾಕುತ್ತಾರೆ. ಹಾಡಿದವರ ಹೆಸರಿಲ್ಲ, ರಾಗದ ಹೆಸರೂ ಇಲ್ಲ. ಕಾಫಿ ಆರುವುದರೊಳಗೆ ‘ಆರಭಿ’ ಎಂದು ಒಬ್ಬರು ಬರೆಯುತ್ತಾರೆ. ‘ಅಲ್ಲ ಸಾರ್, ದೇವಗಾಂಧಾರಿ, ರಿಷಭದ ಮೇಲೆ ನಿಂತದ್ದನ್ನು ಇನ್ನೊಂದು ಸಲ ಕೇಳಿ’ ಎಂದು ಇನ್ನೊಬ್ಬರು. ‘ಅಷ್ಟು ನಿಧಾನಕ್ಕೆ ಆರಭಿ ಹಾಡಿದರೆ ಆರಭಿ ಕೋಪಿಸಿಕೊಂಡು ಎದ್ದು ಹೋಗುತ್ತೆ’ ಎಂದು ಮೂರನೆಯವರು ಕಾಲೆಳೆಯುತ್ತಾರೆ. ಮಾತು ತಮಾಷೆಯದು, ಒಳಗಿರುವ ಪಾಠ ಗಟ್ಟಿಯದು. ಈ ಎರಡು ರಾಗಗಳೂ 29ನೆಯ ಮೇಳವಾದ ಧೀರಶಂಕರಾಭರಣದಲ್ಲಿ ಹುಟ್ಟಿದವು. ಆರೋಹಣ ಎರಡಕ್ಕೂ ಸರಿಮಪದಸ, ಅವರೋಹಣ ಎರಡಕ್ಕೂ ಸನಿದಪಮಗರಿಸ. ಪುಸ್ತಕ ತೆರೆದರೆ ಎರಡೂ ಒಂದೇ. ಪಳಗಿದ ಕಿವಿಗೆ ಮಾತ್ರ ಅಕ್ಕತಂಗಿಯರಷ್ಟೂ ಹೋಲಿಕೆಯಿಲ್ಲ. ಆರಭಿ ಚುರುಕಿನ ನಡೆಯದು, ಗಾಂಧಾರ ನಿಷಾದಗಳನ್ನು ತಟ್ಟಿ ಮುಂದೆ ಓಡುತ್ತದೆ. ದೇವಗಾಂಧಾರಿ ತೂಗುತ್ತ, ರಿಷಭವನ್ನು ಹಿಡಿದು ಅಲುಗಿಸುತ್ತ, ಆತುರವಿಲ್ಲದೆ ಇಳಿಯುತ್ತದೆ. ತ್ಯಾಗರಾಜರ ‘ಸಾಧಿಂಚೆನೆ’ ಕೇಳಿದ ಮೇಲೆ ಅವರದೇ ‘ಕ್ಷೀರಸಾಗರ ಶಯನ’ ಕೇಳಿದವರಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ‘ಇಗೋ, ಇಲ್ಲಿ’ ಎಂದು ಪಕ್ಕದಲ್ಲಿ ಯಾರಾದರೂ ಬೆರಳು ತೋರಿಸಿದರೆ ಮಾತ್ರ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಶಾಸ್ತ್ರೀಯ ಸಂಗೀತದ ಗಾಯಕನನ್ನು ಗುರು ತಯಾರು ಮಾಡುತ್ತಾನೆ. ಕೇಳುಗನನ್ನು ಯಾರು ತಯಾರು ಮಾಡುತ್ತಾರೆ? ಅವನಿಗೆ ಶಾಲೆಯಿಲ್ಲ, ಪರೀಕ್ಷೆಯಿಲ್ಲ, ಮನೆಯಲ್ಲಿ ಎಲ್ಲರಿಗೂ ಸಂಗೀತದ ವಾತಾವರಣವೂ ಇರುವುದಿಲ್ಲ. ಅವನನ್ನು ತಯಾರು ಮಾಡುವುದು ಇನ್ನೊಬ್ಬ ಕೇಳುಗನ ಹರಟೆ. ಇಂದು ಆ ಹರಟೆಯ ಬಹುಪಾಲು ಫೋನಿನಲ್ಲಿ ನಡೆಯುತ್ತಿದೆ, ಆಗೀಗ ಸಭಾಂಗಣದ ಕ್ಯಾಂಟೀನಿನಲ್ಲಿ ಮುಖಾಮುಖಿಯಾಗಿ ಮುಂದುವರಿಯುತ್ತಿದೆ. ಅದನ್ನು ಹೊತ್ತು ಕಳೆಯುವ ಚಟ ಎಂದು ತಳ್ಳಿಹಾಕುವವರು ಸಂಗೀತ ಬದುಕಿರುವ ಒಂದು ಮುಖ್ಯ ಜಾಗವನ್ನು ಕಾಣದೆ ಹೋಗುತ್ತಾರೆ.

ಇದು ಹೊಸ ವಿಚಾರವೇನಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತ ಅಧ್ಯಾಯವೊಂದಿದೆ. ಪ್ರಯೋಗ ಗೆದ್ದಿತೆಂದು ತಿಳಿಯುವುದು ಹೇಗೆ ಎಂಬುದಕ್ಕೆ ಭರತ ನೋಡುವುದು ರಂಗದ ಕಡೆಗಲ್ಲ, ಪ್ರೇಕ್ಷಕರ ಕಡೆಗೆ. ಮುಗುಳ್ನಗೆ, ದೊಡ್ಡ ನಗು, ‘ಸಾಧು’ ‘ಅಹೋ’ ಎಂಬ ಉದ್ಗಾರ, ಮೈ ನವಿರೇಳುವುದು, ಕೂತ ಜಾಗದಿಂದ ಏಳುವುದು, ಉಟ್ಟ ಬಟ್ಟೆಯನ್ನೂ ಬೆರಳಿನ ಉಂಗುರವನ್ನೂ ತೆಗೆದು ಕೊಡುವುದು, ಇವೆಲ್ಲ ಅವನ ಪಟ್ಟಿಯಲ್ಲಿವೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಅಲ್ಲೇ ಬರುತ್ತದೆ. ಒಳ್ಳೆಯ ಪ್ರೇಕ್ಷಕನಿಗೆ ಇರಬೇಕಾದ ಗುಣಗಳನ್ನೆಲ್ಲ ಎಣಿಸಿದ ಮೇಲೆ, ಇವೆಲ್ಲವೂ ಒಬ್ಬನಲ್ಲೇ ಸಿಗುವುದಿಲ್ಲ ಎಂದು ಭರತ ಒಪ್ಪಿಕೊಳ್ಳುತ್ತಾನೆ. ಅದಕ್ಕೇ ವಿವಾದ ಬಂದಾಗ ತೀರ್ಪು ಹೇಳಲು ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ನರ್ತಕ, ಚಿತ್ರಗಾರ, ಸಂಗೀತಗಾರ, ಬಿಲ್ವಿದ್ಯೆಯವನು, ಗಣಿಕೆ, ರಾಜಸೇವಕ ಹೀಗೆ ನಾನಾ ಬಗೆಯವರನ್ನು ಒಟ್ಟಿಗೆ ಕೂರಿಸುತ್ತಾನೆ. ಪೂರ್ಣ ರಸಿಕ ಎಂಬ ಒಬ್ಬ ವ್ಯಕ್ತಿ ಇಲ್ಲ, ರಸಿಕರ ಕೂಟ ಮಾತ್ರ ಇದೆ ಎಂಬ ಅರಿವು ಇದು. ತಾಳದಲ್ಲಿ ಪಳಗಿದ ಬ್ಯಾಂಕ್ ನೌಕರ, ಸಾಹಿತ್ಯದ ಅರ್ಥ ಬಿಡಿಸುವ ತೆಲುಗು ಬಲ್ಲ ಗೃಹಿಣಿ, ಹಳೆಯ ಧ್ವನಿಮುದ್ರಿಕೆಗಳ ಜಾತಕವೆಲ್ಲ ಬಾಯಲ್ಲಿರುವ ನಿವೃತ್ತ ಎಂಜಿನಿಯರ್ ಒಂದೇ ಗುಂಪಿನಲ್ಲಿ ಮಾತಾಡಿಕೊಳ್ಳುವಾಗ ನಡೆಯುವುದು ಭರತ ಬಯಸಿದ ಕೆಲಸವೇ.

ನಮ್ಮ ಕಾಲಕ್ಕೆ ಹತ್ತಿರದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. 1927ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ಮದರಾಸಿನಲ್ಲಿ ನಡೆದ ಸಂಗೀತ ಸಮ್ಮೇಳನದಿಂದ, ಮರುವರ್ಷ ಅಲ್ಲಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಸಂಜೆಯ ಕಛೇರಿಗಳಷ್ಟೇ ಮುಖ್ಯವಾಗಿ ಅದು ಬೆಳಗಿನ ಚರ್ಚೆಗಳನ್ನೂ ಬೆಳೆಸಿತು. ಒಂದು ರಾಗದ ಲಕ್ಷಣವೇನು, ಈ ಸ್ವರ ಅದಕ್ಕೆ ಸಲ್ಲುತ್ತದೆಯೋ ಇಲ್ಲವೋ ಎಂದು ವಿದ್ವಾಂಸರು ವಾದಿಸುತ್ತಿದ್ದರು, ತಮ್ಮ ಮಾತಿಗೆ ಸಾಕ್ಷಿಯಾಗಿ ಅಲ್ಲೇ ಹಾಡಿ ತೋರಿಸುತ್ತಿದ್ದರು. ಶಾಸ್ತ್ರ ಎಂದು ನಾವು ಕೈಮುಗಿಯುವುದರಲ್ಲಿ ಎಷ್ಟೋ ಭಾಗ ಹೀಗೆ ಮಾತಿಗೆ ಮಾತು ಬೆಳೆದು ನಿಂತದ್ದು. ನಮ್ಮಲ್ಲಿ ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಪುಸ್ತಕವನ್ನೇ ನೋಡಬಹುದು. ಕೀರ್ತನೆಗಳನ್ನು ರಚಿಸಿದ ವಾಗ್ಗೇಯಕಾರರೇ ತಮ್ಮ ಕಾಲದ ವಿದ್ವಾಂಸರ ಸ್ವಭಾವ, ಜಿದ್ದು, ಔದಾರ್ಯಗಳನ್ನು ಜಗುಲಿಯ ಮೇಲೆ ಕೂತು ಹೇಳಿದ ಹಾಗೆ ಬರೆದಿಟ್ಟರು. ಆ ಪುಸ್ತಕ ಇಲ್ಲದಿದ್ದರೆ ಮೈಸೂರಿನ ಸಂಗೀತಲೋಕದ ಉಸಿರು ಹೇಗಿತ್ತೆಂದು ನಮಗೆ ಇಷ್ಟು ಹತ್ತಿರದಿಂದ ತಿಳಿಯುತ್ತಿರಲಿಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ಓದಿದವರಿಗೂ ಸಂಗೀತ ಮತ್ತು ಸಂಗೀತದ ಮಾತು ಎಷ್ಟು ಬಿಡಿಸಲಾಗದ ಹಾಗೆ ಹೆಣೆದುಕೊಂಡಿವೆ ಎಂಬುದು ಗೊತ್ತು.

ಈ ಹೆಣಿಗೆಯನ್ನು ಮೊದಲು ಬಿಚ್ಚಿದ್ದು ಯಂತ್ರ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಸುಮಾರು ಮೂರು ನಿಮಿಷಕ್ಕೆ ಸಂಗೀತವನ್ನು ಮಡಿಚಿ ಪೆಟ್ಟಿಗೆಯಲ್ಲಿಡಬಹುದು ಎಂದು ತಿಳಿಯಿತು. ಗ್ರಾಮಫೋನ್, ಆಮೇಲೆ ರೇಡಿಯೋ, ಆಮೇಲೆ ಕ್ಯಾಸೆಟ್ ಇವು ಸಂಗೀತವನ್ನು ಬಡವರ ಮನೆಗೂ ತಲುಪಿಸಿದವು. ಇದು ಸಣ್ಣ ಉಪಕಾರವಲ್ಲ. ಜೊತೆಗೆ ಇನ್ನೊಂದೂ ಆಯಿತು. ಕೇಳುಗ ಮೊದಲ ಸಲ ಒಂಟಿಯಾದ. ಮೂಲೆಯ ಪೆಟ್ಟಿಗೆಯಲ್ಲಿ ಅದ್ಭುತವಾದ ತೋಡಿ ಹಾಡಿ ಮುಗಿಯಿತು, ‘ಭೇಷ್’ ಎನ್ನಬೇಕೆನಿಸಿತು, ಯಾರಿಗೆ ಹೇಳುವುದು? ಕೆಲಸ ಹುಡುಕಿಕೊಂಡು ಊರು ಬಿಟ್ಟವರ, ಕಡಲು ದಾಟಿದವರ ಒಂಟಿತನ ಇನ್ನೂ ಹೆಚ್ಚಿನದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಲ್ಲಿ ಆರಂಭವಾದ ತ್ಯಾಗರಾಜ ಆರಾಧನೆ ಈಗ ಭಾರತದ ಹೊರಗಿನ ಅತಿ ದೊಡ್ಡ ಕರ್ನಾಟಕ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆದಿದ್ದರೆ, ಅದರ ಹಿಂದೆ ಸಂಗೀತದ ಹಸಿವಿನ ಜೊತೆಗೆ ಈ ಮಾತಿನ ಹಸಿವೂ ಇದೆ. 1990ರ ದಶಕದಲ್ಲಿ, ಇಂದಿನ ಅಂತರ್ಜಾಲ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ, ಯೂಸ್‌ನೆಟ್ ಎಂಬ ವ್ಯವಸ್ಥೆಯಲ್ಲಿ ಭಾರತೀಯ ಶಾಸ್ತ್ರೀಯ ಸಂಗೀತಕ್ಕೆಂದೇ ಒಂದು ಚರ್ಚಾಗುಂಪು ನಡೆಯುತ್ತಿತ್ತು. ಗೋವೆ ಮೂಲದ ರಾಜನ್ ಪರ್ರೀಕರ್ ಹಿಂದೂಸ್ತಾನಿ ರಾಗಗಳನ್ನು ಧ್ವನಿತುಣುಕುಗಳ ಸಮೇತ ಬಿಡಿಸಿಟ್ಟ ಬರಹಗಳು ಅಂಥ ವಾತಾವರಣದಲ್ಲಿ ಬೆಳೆದವು. ಯಂತ್ರ ಚದುರಿಸಿದ್ದನ್ನು ಯಂತ್ರವೇ ಮತ್ತೆ ಒಟ್ಟುಗೂಡಿಸತೊಡಗಿತು. 2020ರ ಡಿಸೆಂಬರಿನಲ್ಲಿ ಕೋವಿಡ್‌ನಿಂದಾಗಿ ಮ್ಯೂಸಿಕ್ ಅಕಾಡೆಮಿಯ ಉತ್ಸವವೇ ಪರದೆಯ ಮೇಲೆ ನಡೆದಾಗ, ಬರಿದಾದ ಸಭಾಂಗಣದಲ್ಲಿ ಕಲಾವಿದರು ಹಾಡಿದರು. ಮನೆಮನೆಗಳಲ್ಲಿ ಕೂತ ಕೇಳುಗರಿಗೆ ಪಕ್ಕದ ಕುರ್ಚಿಯವರಾಗಿ ಉಳಿದದ್ದು ಫೋನಿನ ಗೆಳೆಯರೇ.

ಹಾಗಿದ್ದರೆ ಫೋನೇ ಸಾಕಲ್ಲ, ಭೇಟಿ ಯಾಕೆ? ಸಾಲದು. ಕಾರಣ ಕೈಯಲ್ಲಿದೆ. ಆದಿತಾಳದ ಒಂದು ಕೀರ್ತನೆ ನಡೆಯುತ್ತಿದೆ ಎಂದುಕೊಳ್ಳಿ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು ಹುಸಿ, ಪೆಟ್ಟು ಹುಸಿ; ಎಂಟು ಎಣಿಕೆಗೆ ಒಂದು ಸುತ್ತು. ಹೊಸಬ ಎರಡು ಸುತ್ತು ಸರಿಯಾಗಿ ಹಾಕುತ್ತಾನೆ. ಸಾಹಿತ್ಯ ಪೆಟ್ಟಿನ ಮೇಲೆ ಬೀಳದೆ ಸ್ವಲ್ಪ ತಡೆದು ಎತ್ತಿಕೊಂಡಾಗ ಕೈ ತಪ್ಪುತ್ತದೆ. ಆಗ ಅವನ ಕಣ್ಣು ಪಕ್ಕದವರ ತೊಡೆಯ ಮೇಲೆ ಆಡುತ್ತಿರುವ ಕೈಗೆ ಹೋಗುತ್ತದೆ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಒಂದೊಂದಾಗಿ ಮಡಿಯುವುದನ್ನು ನೋಡಿಕೊಂಡು ತನ್ನ ಕೈಯನ್ನು ಅದರ ಜೊತೆಗೆ ಕೂಡಿಸುತ್ತಾನೆ. ಆ ಹಿರಿಯರು ತಲೆ ತಿರುಗಿಸುವುದೂ ಇಲ್ಲ. ಪೆಟ್ಟನ್ನು ಮಾತ್ರ ತುಸು ಜೋರಾಗಿ ಹಾಕುತ್ತಾರೆ, ಹುಡುಗನಿಗೆ ಕೇಳಲಿ ಎಂದು. ಇದನ್ನು ಯಾವ ಪರದೆಯೂ ಕಲಿಸದು. ಸ್ವರಪ್ರಸ್ತಾರದ ತುದಿಯಲ್ಲಿ ಮೃದಂಗದವರು ಮುಕ್ತಾಯದ ಮೋರಾ ನುಡಿಸಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಿಳಿದಾಗ ಸಾಲುಸಾಲಿನ ತಲೆಗಳು ಒಟ್ಟಿಗೆ ಆಡುತ್ತವೆ. ವೇದಿಕೆಯ ಮೇಲಿದ್ದವರಿಗೆ ಅದು ಕಾಣಿಸುತ್ತದೆ, ಮುಂದಿನ ಸುತ್ತಿಗೆ ಅವರ ಹುರುಪು ಏರುತ್ತದೆ. ಕೇಳುಗ ಕಛೇರಿಯೊಳಗಿನ ಪಾತ್ರಧಾರಿ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ತಿಂಗಳುಗಟ್ಟಲೆ ಫೋನಿನಲ್ಲಿ ಕಾಲೆಳೆದುಕೊಂಡವರು ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲಿನಲ್ಲಿ, ಮೈಸೂರಿನ ಎಂಟನೇ ಕ್ರಾಸಿನ ಗಣಪತಿ ಉತ್ಸವದಲ್ಲಿ, ಚೆನ್ನೈನ ಡಿಸೆಂಬರ್ ಸೀಸನ್ನಿನಲ್ಲಿ ‘ಓ, ನೀವೇನಾ ಅವರು!’ ಎಂದು ಕೈ ಹಿಡಿದುಕೊಳ್ಳುವುದು ಈ ಕೊರತೆಯನ್ನು ತುಂಬಿಕೊಳ್ಳಲಿಕ್ಕೆ.

ಆಕ್ಷೇಪಗಳಿವೆ, ಎಲ್ಲವೂ ಹಗುರವಾದವಲ್ಲ. ರಾಗದ ಹೆಸರು ಹೇಳುವ ಆಟ ಒಗಟಾಗಿಬಿಡುತ್ತದೆ, ಹೆಸರು ಸಿಕ್ಕಿದ ಕೂಡಲೇ ಕೇಳುವುದು ನಿಂತುಹೋಗುತ್ತದೆ ಎನ್ನುತ್ತಾರೆ ಕೆಲವರು. ಹಾಗಾಗುವುದುಂಟು. ಆದರೆ ಹಕ್ಕಿಯ ಹೆಸರು ಗೊತ್ತಾದವನು ಆ ಹಕ್ಕಿಯನ್ನು ಮತ್ತೆ ಮತ್ತೆ ಗುರುತಿಸುತ್ತಾನೆ. ದರ್ಬಾರ್ ರಾಗವನ್ನೂ ನಾಯಕಿ ರಾಗವನ್ನೂ ಬೇರೆ ಮಾಡಲು ಒದ್ದಾಡಿದವನು ಮುಂದಿನ ಸಲ ಗಾಂಧಾರದ ಎಳೆತವನ್ನು ಕಾದು ಕೂತು ಕೇಳುತ್ತಾನೆ. ಹೆಸರು ಅವನ ಕಿವಿಯನ್ನು ಚೂಪು ಮಾಡುತ್ತದೆ. ಎರಡನೆಯ ದೂರು ಬಣಗಳದ್ದು. ಒಬ್ಬ ಗಾಯಕರ ಅಭಿಮಾನಿಗಳು ಇನ್ನೊಬ್ಬರ ಅಭಿಮಾನಿಗಳ ಮೇಲೆ ಹರಿಹಾಯುವುದು, ‘ಅಂದಿನ ಸಂಗೀತವೇ ಸಂಗೀತ’ ಎಂದು ಇಂದಿನವರನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕುವುದು. ಮುಖ ಕಾಣದ ಕಡೆ ನಾಲಿಗೆ ಉದ್ದವಾಗುತ್ತದೆ ಎಂಬುದು ನಿಜ, ಮತ್ತು ಅದು ಎಷ್ಟೋ ಸಲ ಕಿರಿಯ ಕಲಾವಿದರಿಗೆ ನಿಜವಾಗಿ ನೋವು ಮಾಡಿದೆ. ಇದಕ್ಕೆ ನನಗೆ ಕಾಣುವ ಮದ್ದೂ ಭೇಟಿಯೇ. ಒಂದು ತಟ್ಟೆ ಇಡ್ಲಿಯ ಎದುರು ಕೂತು ಮಾತಾಡಿದವರಿಗೆ ಮಾರನೆಯ ದಿನ ಅಷ್ಟು ಕಟುವಾಗಿ ಬರೆಯಲು ಕೈ ಏಳುವುದಿಲ್ಲ. ಮೂರನೆಯ ದೂರನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಕಛೇರಿ ನಡೆಯುತ್ತಿರುವಾಗಲೇ ಫೋನು ತೆಗೆದು ‘ಈಗ ಮೋಹನ ಶುರು’ ಎಂದು ಗುಂಪಿಗೆ ಸುದ್ದಿ ಕಳಿಸುವ ಅಭ್ಯಾಸ ಕೆಟ್ಟದ್ದು. ಕತ್ತಲಲ್ಲಿ ಹೊಳೆಯುವ ಆ ಪರದೆ ಹಿಂದಿನ ಸಾಲಿನವರ ಮೋಹನವನ್ನೂ ಕಸಿಯುತ್ತದೆ. ತಾಳವಾದ್ಯದವರಿಗೆ ತನಿ ಆವರ್ತನ ಬಿಟ್ಟ ಕೂಡಲೇ ಕಾಫಿಗೆ ಏಳುವ ಹಳೆಯ ಚಾಳಿಯೂ ಅಷ್ಟೇ ಕೆಟ್ಟದ್ದು. ಮೃದಂಗ, ಘಟ, ಖಂಜಿರದವರು ಅದನ್ನು ಎಷ್ಟು ಕಾಲದಿಂದ ಸಹಿಸಿದ್ದಾರೆ! ಹರಟೆಗೆ ಕಛೇರಿಯ ಕೊನೆಯ ಹಾಡಾದ ಮಂಗಳದ ನಂತರ ಬೇಕಾದಷ್ಟು ಹೊತ್ತಿದೆ.

ಎಲ್ಲಕ್ಕಿಂತ ಭಾರದ ಆಕ್ಷೇಪ ಬೇರೆ. ಈ ಕೂಟ ಒಂದೇ ಜಾತಿಯ, ಒಂದೇ ಬಗೆಯ ಮನೆಗಳ ಜನರ ಕೂಟವಾಗಿಬಿಟ್ಟಿದೆಯಲ್ಲ ಎಂಬುದು. 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ ಇನ್ನು ಮುಂದೆ ಡಿಸೆಂಬರ್ ಸೀಸನ್ನಿನಲ್ಲಿ ಹಾಡುವುದಿಲ್ಲ ಎಂದಾಗ, ಅದೇ ಸುಮಾರಿಗೆ ಚೆನ್ನೈನ ಊರೂರು ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಕೇರಿಯಲ್ಲಿ ಸಂಗೀತದ ಹಬ್ಬ ಶುರುವಾದಾಗ, ರಸಿಕರಲ್ಲಿ ಎಷ್ಟೋ ಮಂದಿ ಮುಖ ಸಿಂಡರಿಸಿದರು. ಈ ಕೂಟ ಯಾರದು ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಅದು ಉಳಿಯಲೇಬೇಕಾದ ಪ್ರಶ್ನೆ. ಒಳಗಿನವರ ತಮಾಷೆ ಹೊರಗಿನವನಿಗೆ ಮುಚ್ಚಿದ ಬಾಗಿಲು. ‘ಜಿಎನ್‌ಬಿ’, ‘ಎಂಡಿಆರ್’, ‘ಆರ್‌ಟಿಪಿ’ ಎಂಬ ಇನಿಷಿಯಲ್ಲುಗಳ ನಡುವೆ, ಮನೆಯಲ್ಲಿ ಸಂಗೀತವೇ ಇಲ್ಲದೆ ಬೆಳೆದ ರಾಯಚೂರಿನ ಹುಡುಗಿಯೊಬ್ಬಳಿಗೆ ‘ಪಲ್ಲವಿ ಅಂದರೇನು?’ ಎಂದು ಕೇಳುವ ಧೈರ್ಯ ಸಭಾಂಗಣದಲ್ಲಿ ಬರಲಿಕ್ಕಿಲ್ಲ. ಫೋನಿನ ಗುಂಪು ಇಲ್ಲಿ ಸಭಾಂಗಣಕ್ಕಿಂತ ಒಂದು ಹೆಜ್ಜೆ ಮುಂದಿದೆ ಎಂದು ನಾನು ನಂಬುತ್ತೇನೆ. ಅಲ್ಲಿ ಉಟ್ಟ ಬಟ್ಟೆ ಕಾಣುವುದಿಲ್ಲ, ಮನೆತನವನ್ನು ಯಾರೂ ಕೇಳುವುದಿಲ್ಲ, ಟಿಕೆಟ್ಟಿನ ಸಾಲುಗಳಿಲ್ಲ, ಪ್ರಶ್ನೆ ಕೇಳಿ ಉತ್ತರವನ್ನು ಸದ್ದಿಲ್ಲದೆ ಓದಿಕೊಳ್ಳಬಹುದು. ಆ ಪ್ರಶ್ನೆಗೆ ಬರುವ ಮೊದಲ ಉತ್ತರ ಕೊಂಕಾಗಿದ್ದರೆ ಅವಳು ಮತ್ತೆ ಬರುವುದಿಲ್ಲ. ‘ಒಂದೇ ಸಾಲನ್ನು ಎಷ್ಟು ಬಗೆಯಲ್ಲಿ ಬೆಳಗಬಹುದು ಅಂತ ತೋರಿಸೋದು ಕಣಮ್ಮ, ಇದನ್ನು ಕೇಳು’ ಎಂದು ಒಂದು ತುಣುಕು ಕಳಿಸಿದರೆ ಬರುತ್ತಾಳೆ.

1939ರಿಂದ ರಾಮನವಮಿಯ ಕಛೇರಿಗಳನ್ನು ನಡೆಸಿಕೊಂಡು ಬಂದ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ, 1905ರಷ್ಟು ಹಳೆಯದಾದ ಬೆಂಗಳೂರು ಗಾಯನ ಸಮಾಜ, ಕುಂದಗೋಳದ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ಇಂಥವು ಕನ್ನಡ ನಾಡಿನಲ್ಲಿ ಕೇಳುಗರನ್ನು ತಲೆಮಾರುಗಳಿಂದ ಬೆಳೆಸಿವೆ. ಸಭೆಗಳನ್ನು ನಡೆಸುವವರು ಮೈಕು, ಹೂವು, ಶಾಲು, ಸಂಭಾವನೆಗೆಲ್ಲ ಲೆಕ್ಕ ಹಾಕುತ್ತಾರೆ. ಕೇಳಿದವರು ಆಮೇಲೆ ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಈಗ ಮಂಗಳ ಮುಗಿಯುತ್ತಲೇ ದೀಪ ಆರುತ್ತದೆ, ಕಾವಲುಗಾರ ಬಾಗಿಲ ಬಳಿ ಬಂದು ನಿಲ್ಲುತ್ತಾನೆ. ಚಪ್ಪಲಿ ಬಿಟ್ಟ ಜಾಗದಲ್ಲಿ ಏಳೆಂಟು ಜನ ಇನ್ನೂ ಕಾಂಬೋದಿ ರಾಗದ ನೆರವಲನ್ನು ಬಿಡಿಸುತ್ತ ನಿಂತಿರುತ್ತಾರೆ. ಒಬ್ಬರು ಸಣ್ಣ ದನಿಯಲ್ಲಿ ಆ ಸಾಲನ್ನು ಹಾಡಿ ತೋರಿಸುತ್ತಾರೆ, ಫೋನಿನಲ್ಲಷ್ಟೇ ಪರಿಚಯವಿದ್ದ ಇನ್ನೊಬ್ಬರು ತಾಳ ಹಾಕುತ್ತಾರೆ. ಗೇಟನ್ನು ಇನ್ನೊಂದು ಅರ್ಧ ಗಂಟೆ ತೆರೆದಿಟ್ಟು, ಹೊರಗಿನ ದೀಪವೊಂದನ್ನು ಉಳಿಸಿ, ಎರಡು ಬೆಂಚು ಹಾಕಿಸಿದರೆ ಸಾಕು.